ತಂಬಿಗೆ ಯಾರ ಕೈಯಲ್ಲಿ

ಮೊನ್ನೆ ಕಂಪೌಂಡ್ ಗೋಡೆಯ ಬಿರುಕು ಮುಚ್ಚಲು ಬಂದ ಗೌಂಡಿ ನೀರು ಕೇಳಿದರು. ತಂಬಿಗೆ ತುಂಬಿಕೊಂಡು ಹೊರಗೆ ಬಂದರೆ, ನನ್ನಷ್ಟೇ ವಯಸ್ಸಿನ ಆ ಮನುಷ್ಯ ಸಿಮೆಂಟಿನ ಕೈ ತೊಳೆದುಕೊಂಡು, ಬಗ್ಗಿ ಬೊಗಸೆ ಒಡ್ಡಿ ನಿಂತಿದ್ದರು. ನನ್ನ ಕೈಯೂ ತಂಬಿಗೆಯನ್ನು ಬಾಗಿಸಿಯೇ ಬಿಟ್ಟಿತ್ತು. ಇಂಥ ಕೆಲಸಕ್ಕೆ ಕೈ ತಲೆಯನ್ನು ಕೇಳುವುದಿಲ್ಲ ನೋಡಿ. ನೀರು ಬೀಳುವ ಮೊದಲು ಹೇಗೋ ತಡೆದೆ. ತಡೆದದ್ದು ನಾನಲ್ಲ, ದ್ಯಾಮವ್ವ.

ಎಂಬತ್ತರ ದಶಕದ ಮಾತು. ನಾನು ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ, ಅದೂ ತತ್ವಶಾಸ್ತ್ರ. ಸಮಾನತೆಯ ಮೇಲೆ ಹನ್ನೆರಡು ಪುಟ ಬರೆದು ಪ್ರೊಫೆಸರರಿಂದ "ಛಲೋ ಬರದೀಪಾ" ಅನ್ನಿಸಿಕೊಂಡಿದ್ದೆ. ಆ ವಯಸ್ಸಿನಲ್ಲಿ ಇಷ್ಟು ಸಾಕು, ಮನುಷ್ಯ ನೆಲದ ಮೇಲೆ ನಡೆಯುವುದಿಲ್ಲ. ರಜೆಗೆ ನಮ್ಮೂರು ತಿರ್ಲಾಪುರಕ್ಕೆ ಬಂದವನಿಗೆ ನಮ್ಮ ಹೊಲದಲ್ಲಿ ಹತ್ತಿ ಬಿಡಿಸುವ ಆಳುಗಳ ಮೇಲ್ವಿಚಾರಣೆ ಸಿಕ್ಕಿತು. ಮೇಲ್ವಿಚಾರಣೆಯೆಂದರೆ ಬೇವಿನ ಗಿಡದ ನೆರಳಿಗೆ ಕೂತು ನೀರಿನ ಕೊಡ ಕಾಯುವುದು.

ನೀರಿಗೊಂದು ಪದ್ಧತಿ ಇತ್ತು. ಊರೊಳಗಿನ ಹೆಂಗಸರು ಕೊಡದ ಮೇಲಿನ ತಂಬಿಗೆಯನ್ನು ತಾವೇ ತೆಗೆದುಕೊಂಡು ಕುಡಿಯುತ್ತಿದ್ದರು. ಊರ ಹೊರಗಿನ ಕೇರಿಯ ಹೆಂಗಸರು ದೂರ ನಿಂತು, ಬಗ್ಗಿ ಬೊಗಸೆ ಒಡ್ಡಬೇಕು. ಯಾರಾದರೂ ಮೇಲಿನಿಂದ ಸುರುವಬೇಕು. ಮುಂಜಾನೆ ಎದ್ದರೆ ಶಿವಪೂಜೆ ಮಾಡಿ, ಎಲ್ಲರೊಳಗೂ ಅವನೇ ಇದ್ದಾನೆ ಎನ್ನುವ ಮನೆ ನಮ್ಮದು. ಆ ಮಾತು ಹೊಲದ ಕೊಡದವರೆಗೆ ಬಂದಿರಲಿಲ್ಲ, ಅಷ್ಟೆ.

ನಾನು ಎರಡನೇ ದಿನವೇ ಕ್ರಾಂತಿ ಮಾಡಿದೆ. ತಂಬಿಗೆಯನ್ನು ನನ್ನ ವಶಕ್ಕೆ ತೆಗೆದುಕೊಂಡು, ಇನ್ನು ಮುಂದೆ ಎಲ್ಲರೂ ಬೊಗಸೆಯಲ್ಲೇ ಕುಡಿಯಬೇಕು, ನಾನೇ ಸುರುವುತ್ತೇನೆ ಎಂದೆ. ಊರೊಳಗಿನವರು ಗೊಣಗಿದರು. ಬುತ್ತಿ ತಂದಿದ್ದ ನಮ್ಮ ಚಿಗವ್ವ, "ಓದಿ ಓದಿ ತಲಿ ಕೆಟ್ಟೈತಿ ಇವಂದು" ಎಂದು ಸುಮ್ಮನಾದಳು. ತಂಬಿಗೆ ಕೇರಿಯವರ ಕೈಗೆ ಹೋಗಲಿಲ್ಲವಲ್ಲ, ಆಕೆಗೆ ಅಷ್ಟೇ ಬೇಕಿತ್ತು. ಹೆಂಗಸರೆಲ್ಲ ಸಾಲಾಗಿ ಬಗ್ಗಿದ್ದನ್ನು ನೋಡಿ ನನ್ನ ಎದೆ ಉಬ್ಬಿತು.

ಸಾಲಿನ ಕೊನೆಗೆ ಕೇರಿಯ ದ್ಯಾಮವ್ವ. ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಆಕೆ ಬಗ್ಗಲಿಲ್ಲ.

"ಸಣ್ಣ ಸಾವ್ಕಾರ್ರ, ಒಂದ್ ಮಾತ್ ಕೇಳ್ಲ್ಯಾ?"

"ಕೇಳವಾ."

"ಅವ್ರ ಕೈಯಾನ ತಂಬಿಗಿ ಕಸಗೊಂಡ್ರಿ. ನನ್ನ ಕೈಯಾಗ ಎಲ್ಲಿ ಕೊಟ್ರಿ? ಅವ್ರು ಬಗ್ಗಿದ್ರ ನನ್ನ ಬೆನ್ನ ನೆಟ್ಟಗ ಆಗತೈತೇನ್ರಿ?"

"ಈಗ ಎಲ್ಲಾರೂ ಸಮಾನ ಆತಲ್ಲ?" ಎಂದೆ.

"ಸಮಾನ ಖರೆ. ತಂಬಿಗಿ ನಿಮ್ಮ ಕೈಯಾಗ ಐತೆಲ್ರಿ" ಎಂದು ಕೈ ಚಾಚಿದಳು. ಬೊಗಸೆಯಲ್ಲ, ಒಂದೇ ಕೈ, ತಂಬಿಗೆ ಹಿಡಿಯುವ ಕೈ.

ಕೊಡುವುದು ಎಷ್ಟು ಹೊತ್ತಿನ ಕೆಲಸ? ಚಿಗವ್ವ ನೋಡುತ್ತಿದ್ದಳು. ನಾನು ನನ್ನ ಹನ್ನೆರಡು ಪುಟಗಳನ್ನೂ ಮನಸ್ಸಿನಲ್ಲೇ ತಿರುವಿದೆ, ತಂಬಿಗೆ ನನ್ನ ಕೈಯಲ್ಲೇ ಉಳಿಯಿತು. ದ್ಯಾಮವ್ವ ಕೈ ಹಿಂದೆ ತೆಗೆದುಕೊಂಡು, ನೀರು ಕುಡಿಯದೆ ಹತ್ತಿಯ ಸಾಲಿಗೆ ಮರಳಿದಳು.

ಮರುದಿನದಿಂದ ಆಕೆ ಮನೆಯಿಂದಲೇ ಒಂದು ಗಡಿಗೆ ನೀರು, ತಗ್ಗು ಬಿದ್ದ ಒಂದು ತಂಬಿಗೆ ತರತೊಡಗಿದಳು. ನನ್ನ ಕ್ರಾಂತಿಯೂ ಅಂದೇ ಮುಗಿಯಿತು. ನಾನು ಬೇಸತ್ತು ತಂಬಿಗೆಯನ್ನು ಕೊಡದ ಮೇಲಿಟ್ಟೆ, ಹಳೆಯ ಪದ್ಧತಿ ತಾನಾಗಿ ಬಂದು ಕೂತಿತು.

ನಾಲ್ಕಾರು ದಿನ ಬಿಟ್ಟು, ಒಂದು ಮಧ್ಯಾಹ್ನ, ನಮ್ಮ ಕೊಡ ಬರಿದಾಯಿತು. ಗಂಟಲು ಒಣಗಿ ನಾನು ಊರ ದಾರಿ ನೋಡುತ್ತಿದ್ದಾಗ, ದ್ಯಾಮವ್ವನೇ ತನ್ನ ತಂಬಿಗೆ ತುಂಬಿ ತಂದು ಮುಂದೆ ಹಿಡಿದಳು. "ತಗೋರಿ, ಕುಡೀರಿ."

ನಾನೇನು ಮಾಡಿದೆ ಗೊತ್ತೇ? ಬಗ್ಗಿ ಬೊಗಸೆ ಒಡ್ಡಿದೆ. ಆಕೆಯ ನೀರು ಕುಡಿಯಬಹುದು ಎಂದು ಓದು ಹೇಳಿತ್ತು. ತಂಬಿಗೆ ಮುಟ್ಟಬೇಡ ಎಂದು ಕೈ ಹೇಳಿತು. ದೂರದಿಂದ ನೋಡಿದವರಿಗೆ ಅದು ವಿನಯದಂತೆ ಕಂಡಿರಬೇಕು.

ಆಕೆಗೆ ತಿಳಿಯಿತು. ನಿಧಾನವಾಗಿ, ಹನಿ ಚೆಲ್ಲದಂತೆ ಸುರುವಿದಳು. "ಬಗ್ಗೂದು ನಿಮಗೂ ಬರತೈತಿ ಬಿಡ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನಾಚಿಕೆಯಾಯಿತು, ಇಂದಿಗೂ ಆಗುತ್ತದೆ. ಆ ವರ್ಷದ ಹತ್ತಿ ಮುಗಿದ ಮೇಲೆ ಆಕೆ ನಮ್ಮ ಹೊಲಕ್ಕೆ ಬರಲಿಲ್ಲ.

ಗೌಂಡಿ ಇನ್ನೂ ಬಗ್ಗಿಯೇ ಇದ್ದರು. "ತಗೋರಿ" ಎಂದು ತಂಬಿಗೆಯನ್ನು ಅವರ ಕೈಗಿಟ್ಟೆ.

"ಇರ್ಲಿ ಬಿಡ್ರಿ, ಸುರುವ್ರಿ ಸಾಕು."

ನಾನು ಕೈಗಳನ್ನು ಹಿಂದೆ ಕಟ್ಟಿಕೊಂಡೆ. ಅವರು ನೆಟ್ಟಗೆ ನಿಂತು, ಬಾಯಿ ಹಚ್ಚಿ ಗಟಗಟ ಕುಡಿದು, ತಂಬಿಗೆ ಮರಳಿಸಿ ಗೋಡೆಯ ಕಡೆ ತಿರುಗಿದರು. ತಳದಲ್ಲಿ ಎರಡು ಗುಟುಕು ಉಳಿದಿತ್ತು. ಅದನ್ನು ಚೆಲ್ಲಲು ನನ್ನ ಕೈ ಆಗಲೇ ಗುಲಾಬಿ ಗಿಡದ ಮೇಲೆ ಹೋಗಿತ್ತು. ಆ ಕೈಯನ್ನು ಹಿಂದಕ್ಕೆ ತಂದು, ತಂಬಿಗೆಗೆ ಬಾಯಿ ಹಚ್ಚಿ ಆ ನೀರು ಕುಡಿದೆ. ನೋಡಲು ದ್ಯಾಮವ್ವ ಇರಲಿಲ್ಲ.