ಬೆತ್ತಲೆ ಗಾಡಿಯ ಬ್ರೇಕು

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಬ್ರೇಕಕ್ಕ ಅಂತಲೇ ಕರೆಯುವುದು. ದಿನವಿಡೀ ಬಸ್ಸುಗಳ ಹೊಟ್ಟೆಯಡಿ ಮಲಗಿ ಬ್ರೇಕು ಸರಿಮಾಡುವವಳಿಗೆ ಮನೆಯ ಗಾಡಿಯ ಬ್ರೇಕು ಮಾತ್ರ ಬೆವರಿಳಿಸಿತ್ತು.

ಆ ಗಾಡಿಯನ್ನು ಕಟ್ಟಿದ್ದು ಅಪ್ಪ. ಅವನದು ತಗಡಿನ ಕೆಲಸ. ಬಕೆಟ್ಟು, ನೀರಿನ ಕೊಳವೆ ಬಡಿಯುವ ಕೈ ಹರೆಯದಲ್ಲಿ ಒಂದು ಕಾರನ್ನೂ ಬಡಿದು ನಿಲ್ಲಿಸಿತ್ತು. ಗುಜರಿಯಿಂದ ತಂದ ಹಳೇ ಕಾರಿನ ಮೇಲಿನ ಮಾಡು ಕತ್ತರಿಸಿ, ಅದಕ್ಕೆ ಜೀಪಿನ ಇಂಜಿನ್ನು ಕೂರಿಸಿದ್ದ. ಇಂಜಿನ್ನಿಗೆ ಮುಚ್ಚಳವಿಲ್ಲ, ಚಕ್ರಕ್ಕೆ ಮಡ್‌ಗಾರ್ಡಿಲ್ಲ. ಬೀದಿಯವರು ಬೆತ್ತಲೆ ಗಾಡಿ ಅಂದರು. ಅಮ್ಮ ಅದನ್ನು ‘ನನ್ನ ಸವತಿ’ ಅನ್ನುತ್ತಿದ್ದಳು.

ಅಪ್ಪನಿಗೆ ಲಕ್ವ ಹೊಡೆದು ಬಲಗಾಲು ಸೋತ ಮೇಲೆ ಸವತಿಯ ಮೇಲೆ ಅಮ್ಮನಿಗೇ ಕನಿಕರ ಬಂತು. ಒಂದು ದಿನ ಧೂಳು ಒರೆಸುವಾಗ ಬ್ರೇಕಿನ ಎಣ್ಣೆ ತಳಕ್ಕಿಳಿದದ್ದು ಕಂಡು, ತನ್ನ ಹೊಲಿಗೆ ಯಂತ್ರದ ಎಣ್ಣೆಯನ್ನು ಧಾರಾಳವಾಗಿ ಸುರಿದಳು. ಆ ಎಣ್ಣೆ ಕುಡಿದ ಒಳಗಿನ ರಬ್ಬರೆಲ್ಲ ಊದಿಕೊಂಡು ನಾಲ್ಕೂ ಚಕ್ರ ಕಚ್ಚಿಕೊಂಡವು.

“ಎಣ್ಣೆ ಅಂದ್ರೆ ಎಣ್ಣೆ ಅಲ್ವೇನೇ?” ಅಂದಳು ಅಮ್ಮ.

“ಹಾಗಾದ್ರೆ ನಾಳೆ ಒಗ್ಗರಣೆಗೂ ಅದನ್ನೇ ಹಾಕಮ್ಮ,” ಅಂದಳು ಮಗಳು.

ರಬ್ಬರು ಬದಲಿಸಲು ಗಾಡಿಯಡಿ ನುಸುಳಿದವಳು ಅಲ್ಲೇ ಬೆರಗಾಗಿ ಮಲಗಿಬಿಟ್ಟಳು. ಬ್ರೇಕಿನ ಸಣ್ಣ ಕೊಳವೆ ಒಂದೂ ಕೊಂಕಿಲ್ಲದೆ ಹಿಂದಿನ ಚಕ್ರದವರೆಗೆ ಹರಿದಿತ್ತು. ಅದನ್ನು ಹಿಡಿದ ಪ್ರತಿ ಪಟ್ಟಿಯ ಕೆಳಗೂ, ಕೊಳವೆ ಸವೆಯದಿರಲೆಂದು, ಹಳೇ ಚಪ್ಪಲಿಯ ತೊಗಲಿನ ತುಂಡು. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಯಾರಿಗಾಗಿ ಇಷ್ಟು ನಾಜೂಕು? ಇಷ್ಟು ವರ್ಷ ಜೊತೆಗಿದ್ದ ಅಪ್ಪ ಇವನೇನಾ ಅನ್ನಿಸಿತು ಅವಳಿಗೆ.

ಕೊನೆಯ ಕೆಲಸ ಕೊಳವೆಯೊಳಗಿನ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ತಿರುಪು ಸಡಿಲಿಸಿ ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲೆತ್ತಿದರೆ ಗಾಳಿ ಒಳಕ್ಕೆ ನುಗ್ಗುತ್ತದೆ.

“ನಾನೇ ಒತ್ತೋದು, ಈ ಬಲಗಾಲಲ್ಲೇ,” ಅಂದ ಅಪ್ಪ.

“ಆಯ್ತು. ಆದ್ರೆ ನಾನು ಬಿಡು ಅನ್ನೋ ಮೊದ್ಲು ಕಾಲು ಎದ್ರೆ, ಇನ್ಮೇಲೆ ನೀನು ಓಡಿಸೋ ಹಾಗಿಲ್ಲ. ಕೀಲಿಕೈ ನಂದು.”

“ಮಾತಂದ್ರೆ ಮಾತು.”

“ಒತ್ತು! ಹಿಡ್ಕೋ! ಬಿಡು!” ಒಂದೊಂದೇ ಚಕ್ರ ಮುಗಿಯಿತು. ಕೊನೆಯದರಲ್ಲಿ ಬಂದ ಎಣ್ಣೆಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ತಿರುಪು ಬಿಗಿದು, ಗೆದ್ದೆಯಲ್ಲಪ್ಪಾ ಎಂದು ಕೂಗುತ್ತಾ ಹೊರಬಂದಳು. ಅಪ್ಪ ಬೆವೆತು ತೊಪ್ಪೆಯಾಗಿದ್ದ. ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟ.

“ಕೊನೇ ಚಕ್ರದಲ್ಲಿ ನೀನು ಬಿಗಿಯೋ ಮೊದ್ಲೇ ಕಾಲು ಎದ್ದುಬಿಡ್ತು ಮಗಳೇ.”

“ನಂಗೆ ಗೊತ್ತೇ ಆಗ್ಲಿಲ್ಲ. ಸುಮ್ನಿದ್ದಿದ್ರೆ ಆಗ್ತಿತ್ತಲ್ಲ?”

“ಬ್ರೇಕಿನ ವಿಷ್ಯದಲ್ಲಿ ಸುಮ್ನಿರೋಕಾಗುತ್ತೇನೇ?”

ದೊಡ್ಡವರು ಅನ್ನಿಸಿಕೊಂಡವರನ್ನು ಅವಳು ಬೇಕಾದಷ್ಟು ನೋಡಿದ್ದಳು. ತಮಗೆ ಅತಿ ಪ್ರಿಯವಾದದ್ದನ್ನು ಹೀಗೆ ತಾವೇ ಬಿಟ್ಟುಕೊಟ್ಟವರನ್ನು ನೋಡಿರಲಿಲ್ಲ. ಆ ಚಕ್ರದ ಗಾಳಿಯನ್ನು ಮತ್ತೊಮ್ಮೆ ತೆಗೆಯಲು ಈ ಸಲ ಅಮ್ಮ ಪೆಡಲು ಒತ್ತಿದಳು.

ಸಂಜೆ ಮಗಳೇ ಗಾಡಿ ಹೊರತೆಗೆದಳು, ಅಪ್ಪ ಪಕ್ಕದ ಸೀಟಿನಲ್ಲಿ ಕೂತ. ಬೀದಿಯ ಇಳಿಜಾರಿನಲ್ಲಿ ವೇಗವೇರಿತು. ಕೆಳಗಿನ ತಿರುವು ಎದುರಾದಾಗ ಅವಳು ಬ್ರೇಕು ಒತ್ತಿದಳು. ಗಾಡಿ ಕೊಂಚವೂ ಅತ್ತಿತ್ತ ಎಳೆಯದೆ, ನೆಟ್ಟಗೆ ನಿಂತಿತು.

ಹಿಗ್ಗಿನಿಂದ ಪಕ್ಕಕ್ಕೆ ತಿರುಗಿದಳು. ಪೆಡಲೇ ಇಲ್ಲದ ಆ ಬದಿಯಲ್ಲಿ ಅಪ್ಪನ ಬಲಗಾಲು ಬರೀ ತಗಡನ್ನು ಒತ್ತಿ ಹಿಡಿದಿತ್ತು. ನಡುಗುತ್ತಿತ್ತು, ಆದರೆ ಏಳಲಿಲ್ಲ. ಬಿಡು ಅನ್ನಲು ಅವಳಿಗೆ ಬಾಯಿ ಬರಲಿಲ್ಲ.