ಒಂದೂವರೆಗೆ ಕಚ್ಚುವ ಹುಡುಗಿ

"ನಿಮ್ಮ ಹುಡುಗಿ ಕಚ್ಚತಾಳ್ರೀ!"

ಹಲೋ ಇಲ್ಲ, ನಮಸ್ಕಾರ ಇಲ್ಲ, ನೇರ ದೂರು. ಫೋನ್ ಮಾಡಿದವರು ಬನಹಟ್ಟಿಯ ಒಂದು ಪ್ಲೇ ಸ್ಕೂಲಿನ ಟೀಚರ್. ಆರೋಪಿ ನನ್ನ ತಮ್ಮನ ಮಗಳು ಶ್ರೇಯಾ, ವಯಸ್ಸು ಮೂರೂವರೆ. ಮನೆಯಲ್ಲೇ ಇರುವ ಕರೆಂಟ್ ಮಗ್ಗದ ಸದ್ದಿನಲ್ಲಿ ತಮ್ಮನಿಗಾಗಲಿ ಅವನ ಹೆಂಡತಿಗಾಗಲಿ ಫೋನ್ ಕೇಳಿಸುವುದಿಲ್ಲ. ಹಾಗಾಗಿ ಶಾಲೆಯವರ ಹತ್ತಿರ ಇರುವುದು ಜಮಖಂಡಿಯ ಈ ಅತ್ತೆಯ ನಂಬರು. (ಬೈಸಿಕೊಳ್ಳುವ ಖಾಯಂ ಹುದ್ದೆ ನನ್ನದೇ.)

ಮರುದಿನ ರಜೆ ಹಾಕಿ ಹೋದೆ. ಟೀಚರ್ ಚಿಕ್ಕ ವಯಸ್ಸಿನವರು, ಸಮೀರವಾಡಿಯ ಸಕ್ಕರೆ ಕಾರ್ಖಾನೆ ಕಡೆಯವರು, ಬನಹಟ್ಟಿಗೆ ಹೊಸಬರು. ತೋಳಿನ ಮೇಲೆ ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು.

"ಮುಂಜಾನಿ ಭಾಳ ಛಲೋ ಇರ್ತಾಳ್ರೀ. ಊಟ ಆಗಿ ಮಲಗಸೂ ಹೊತ್ತಿಗಿ ಚೀರತಾಳ, ಒದೀತಾಳ. ಸ್ಟಾರ್ ಕೊಟ್ಟೆ, ಮೂಲ್ಯಾಗ ಕುಂದರಿಸಿದೆ, ಏನೂ ಆಗಲಿಲ್ಲ. ಉಳದ ಪಾಲಕರು ಗದ್ಲ ಮಾಡಾಕತ್ತಾರ. ಸೋಮವಾರದಿಂದ ಕಳಸಬ್ಯಾಡ್ರಿ."

ನನಗೆ ಸಿಟ್ಟು ಬಂತು. ಮೂರೂವರೆ ವರ್ಷಕ್ಕೇ ಡಿಬಾರಾ? ಕಣ್ಣಾರೆ ನೋಡಿಯೇ ಹೋಗುತ್ತೇನೆ ಎಂದು ಅಲ್ಲೇ ಕೂತೆ. (ಮಕ್ಕಳ ಕುರ್ಚಿ. ಕೂರುವುದು ಸುಲಭ, ಏಳುವುದು ಕಷ್ಟ.)

ಒಂದೂವರೆಯಾಯಿತು. ಚಾಪೆ ಹಾಸಿದರು. ಕಿಟಕಿ ಮುಚ್ಚಿದರು. ಟೀಚರ್ ತುಟಿಯ ಮೇಲೆ ಬೆರಳಿಟ್ಟು "ಶ್" ಎಂದರು. ಎಲ್ಲ ನಿಶ್ಶಬ್ದ. ಶ್ರೇಯಾ ಎದ್ದು ಕೂತು ಸುತ್ತ ನೋಡಿದಳು. ಆ ಕಣ್ಣಲ್ಲಿ ಹಟ ಇರಲಿಲ್ಲ, ಹೆದರಿಕೆ ಇತ್ತು. ಟೀಚರ್ ಹತ್ತಿರ ಬಂದು ಇನ್ನೊಮ್ಮೆ "ಶ್" ಎಂದಿದ್ದೇ ತಡ, ಚೀರಾಟ ಶುರು!

ಬಾಗಿಲಲ್ಲಿದ್ದ ಆಯಾ ಶಾಂತವ್ವ ನಕ್ಕುಬಿಟ್ಟಳು. ಅವಳೂ ನೇಕಾರರ ಮನೆಯವಳು.

"ಟೀಚರ್, ಮಗ್ಗದ ಮನಿ ಕೂಸ್ರಿ ಅದು. ಹುಟ್ಟಿದಾಗಿಂದ ಆ ಸಪ್ಪಳದಾಗ ಮಲಗೇತಿ. ಕರೆಂಟ್ ಹೋಗಿ ಮಗ್ಗ ನಿಂತ್ರ ನಮ್ಮ ಮನ್ಯಾಗ ಮಲಗಿದ ಕೂಸು ಎದ್ದು ಅಳತೈತಿ. ನೀವು ಸುಮ್ಮ ಮಾಡಿದಷ್ಟೂ ಅದಕ್ಕ ಅಂಜಿಕಿ!"

ಹೇಳಿದವಳೇ ಎರಡು ಕಟ್ಟಿಗೆಯ ಆಟಿಕೆ ತಗೊಂಡು ಸ್ಟೀಲ್ ಡಬ್ಬಿಯ ಮೇಲೆ ಬಡಿಯತೊಡಗಿದಳು. ಖಟಕ್-ಪಟಕ್, ಖಟಕ್-ಪಟಕ್. ಶ್ರೇಯಾ ಬಿಕ್ಕುತ್ತಲೇ ಅವಳ ತೊಡೆಯ ಹತ್ತಿರ ಸರಿದಳು. ಐದೇ ನಿಮಿಷ, ಬಾಯಿ ತೆರೆದು ನಿದ್ದೆ. ಪಕ್ಕದ ಚಾಪೆಗಳಲ್ಲಿ ಹೊರಳಾಡುತ್ತಿದ್ದ ನಾಲ್ಕೈದು ಮಕ್ಕಳೂ ಮಲಗಿಬಿಟ್ಟವು. ನನಗೆ ಅಲ್ಲೇ ಕುಣಿಯಬೇಕೆನಿಸಿತು. (ಕುರ್ಚಿ ಬಿಡಲಿಲ್ಲ.)

ಖುಷಿಯ ಜೊತೆ ನಾಚಿಕೆಯೂ ಆಯಿತು. ನಾನೂ ಅದೇ ಮನೆಯಲ್ಲಿ ಹುಟ್ಟಿದವಳಲ್ಲವೇ? ಮದುವೆಯಾಗಿ ಜಮಖಂಡಿಗೆ ಬಂದ ಹೊಸದರಲ್ಲಿ ಆ ಸದ್ದಿಲ್ಲದೆ ನನಗೂ ನಿದ್ದೆ ಹತ್ತುತ್ತಿರಲಿಲ್ಲ. ಅದನ್ನು ಪೂರ್ತಿ ಮರೆತಿದ್ದೆ.

ಸಂಜೆ ಟೀಚರ್ ತಾವೇ ತಮ್ಮನ ಮನೆಗೆ ಬಂದು ಮಗ್ಗದ ಸಪ್ಪಳವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದರು. ಸೋಮವಾರ ಶ್ರೇಯಾ ಬ್ಯಾಗ್ ಹಾಕಿಕೊಂಡು ಕುಣಿಯುತ್ತಾ ಶಾಲೆಗೆ ಹೋದಳು. ವಾರದ ಮೇಲೆ ಮತ್ತೆ ಫೋನ್ ಬಂತು. ಈ ಸಲ ಯಾರನ್ನು ಕಚ್ಚಿದಳೋ ಎಂದುಕೊಂಡೇ ಎತ್ತಿದೆ.

"ಈಗ ಕಚ್ಚಂಗಿಲ್ರೀ. ಆದ್ರ ಆ ಸಪ್ಪಳಕ್ಕ ನನಗೂ ನಿದ್ದಿ ಬರಾಕತ್ತೈತಿ, ಅದಕ್ಕೇನ್ ಮಾಡ್ಲಿ?"

ಹೆದರಿದ ಕೂಸು ಕಚ್ಚಿದರೆ ನಾವು ಅದನ್ನು ಹಟಮಾರಿ ಎನ್ನುತ್ತೇವೆ. ಅದು ಹೆದರಿದೆ ಎಂದೂ ತಿಳಿಯದ ನಮ್ಮನ್ನು ಏನೆನ್ನಬೇಕು?