ಹಾಲಿನ ಪುಡಿ ಡಬ್ಬದ ಮಣ್ಣು

ಆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಭಾರವೇ ಗೊತ್ತಾಗುತ್ತಿರಲಿಲ್ಲ. ಕಪ್ಪಗೆ, ಸ್ಪಾಂಜ್ ಕೇಕಿನ ಹಾಗೆ. ನೋಡಲು ಒಣಗಿದಂತೆಯೇ ಇರುತ್ತಿತ್ತು. ಹೆಬ್ಬೆರಳಿನಿಂದ ಒತ್ತಿ ಉಜ್ಜಿದರೆ ಎಲ್ಲಿ ಅಡಗಿತ್ತೋ ನೀರು, ಬೆರಳು ಜಾರುವಷ್ಟು ಜಿಡ್ಡಾಗುತ್ತಿತ್ತು. ನಮ್ಮ ಮನೆಯವರು ಅದನ್ನು ಮೊದಲ ಸಲ ನನ್ನ ಅಂಗೈಗೆ ಸುರಿದು, "ನೋಡೇ, ಎಷ್ಟು ಡ್ರೈ ಆಗಿರೋ ಥರ ನಾಟಕ ಮಾಡುತ್ತೆ. ಒತ್ತಿದ್ರೆ ಅಳುತ್ತೆ" ಎಂದಿದ್ದರು. ನಾನು ನಕ್ಕಿದ್ದೆ. ಆಗ ನಗುವುದಕ್ಕೆ ನನಗೆ ಕಾರಣವೇ ಬೇಕಿರಲಿಲ್ಲ. ಮದುವೆ ಹೊಸತು, ಹೊಟ್ಟೆಯಲ್ಲಿ ಮಗು.

ಅವರು ಸಾಯಿಲ್ ಕೆಮಿಸ್ಟ್. ಕಿಲಿಮಂಜಾರೋದ ಇಳಿಜಾರಿನಲ್ಲಿ, ಕಾಡು ಮುಗಿದು ಕಾಫಿ ತೋಟ ಶುರುವಾಗುವ ಕಡೆ, ಒಂದು ಸಣ್ಣ ಕೃಷಿ ಕೇಂದ್ರದಲ್ಲಿ ಕೆಲವು ವರ್ಷದ ಕಾಂಟ್ರಾಕ್ಟ್. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ನಾನು, ಅಲ್ಲಿಯ ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕೆಳಗೆ ಬಸಾಲ್ಟ್ ಬಂಡೆ, ಅದರ ಮೇಲೆ ಬೆಟ್ಟ ಯಾವ ಕಾಲದಲ್ಲೋ ಉಗುಳಿದ ಬೂದಿ, ಬೂದಿಯ ಮೇಲೆ ಕಾಡು ಉದುರಿಸಿದ ಎಲೆ. ಅದೆಲ್ಲ ಕೂಡಿ ಆ ಕಪ್ಪು ಮಣ್ಣು ಆಗಿದೆ ಎಂದು ಇವರು ಹೇಳಿದಾಗ ನನಗೆ ನೆನಪಾದದ್ದು ಶಾಲೆಯ ಆ್ಯಷ್ ವೆನ್ಸ್‌ಡೇ. ಸಾಲಾಗಿ ನಿಂತ ಕ್ರಿಶ್ಚಿಯನ್ ಹುಡುಗಿಯರ ಹಣೆಗೆ ಫಾದರ್ ಬೂದಿ ಹಚ್ಚುತ್ತಿದ್ದರು. ನಾವು ಉಳಿದವರು ಹಿಂದಿನ ಬೆಂಚಿನಲ್ಲಿ ಕೂತು, ಮನೆಯಲ್ಲಿ ಅಜ್ಜ ಹಚ್ಚಿಕೊಳ್ಳುವ ವಿಭೂತಿಯೇ ಇದು, ಅಡ್ಡಕ್ಕೆ ಬದಲು ಕ್ರಾಸ್ ಅಷ್ಟೆ ಎಂದು ಪಿಸುಗುಟ್ಟುತ್ತಿದ್ದೆವು. ಸಿಲ್ಲಿ ಗರ್ಲ್ಸ್.

ಮಗು ಅಲ್ಲಿಯೇ ಹುಟ್ಟಿತು. ಹೆಣ್ಣು. ಇವರ ತಾಯಿಯ ಹೆಸರಿಟ್ಟೆವು. ಹಲ್ಲು ಬರುವ ಮೊದಲೇ ಜ್ವರ ಬಂತು. ಮಳೆಗೆ ರಸ್ತೆ ಕುಸಿದಿತ್ತು. ಕೆಳಗಿನ ಊರಿನ ಡಾಕ್ಟರ್ ಹತ್ತಿ ಬರುವಷ್ಟರಲ್ಲಿ ನನ್ನ ಮಡಿಲಲ್ಲಿ ಬಿಸಿಯೆಲ್ಲ ಆರಿ ಹೋಗಿತ್ತು.

ಹಲ್ಲು ಬಾರದ ಮಗುವನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಮಂತ್ರ ಹೇಳುವವರು ಯಾರೂ ಇರಲಿಲ್ಲ. ಕಾಡಿನ ಅಂಚಿನಲ್ಲಿ ಇವರೇ ಅಗೆದರು. ದಿನವೂ ಮಣ್ಣಿನ ಸ್ಯಾಂಪಲ್ಲಿಗೆ ಗುಂಡಿ ತೋಡುತ್ತಿದ್ದ ಅದೇ ಸಲಿಕೆ. ಒಂದು ಕಲ್ಲೂ ಸಿಗಲಿಲ್ಲ, ಬೆಣ್ಣೆ ಕತ್ತರಿಸಿದ ಹಾಗೆ ಇಳಿಯುತ್ತಿತ್ತು. ನನಗೆ ಅದೇ ತಡೆಯಲಾಗದ್ದು. ಸ್ವಲ್ಪವಾದರೂ ಗಟ್ಟಿಯಿರಬಾರದಿತ್ತೇ ಎನ್ನಿಸಿತು.

ಮನೆಗೆ ಬಂದು ಕೈ ತೊಳೆಯುತ್ತಾ ಇವರು, "ಈ ಮಣ್ಣು ಫಾಸ್ಫೇಟ್ ಬಿಡಲ್ಲ ಕಣೇ. ಮೂಳೇಲಿ ಇರೋದು ಅದೇ. ಒಂದ್ಸಲ ಹಿಡ್ಕೊಂಡ್ರೆ ಬೇರು ಎಳೆದ್ರೂ ಕೊಡಲ್ಲ, ಮಳೆ ಹೊಯ್ದರೂ ಕೊಡಲ್ಲ. ಅವಳು ಎಲ್ಲೂ ಹೋಗಲ್ಲ" ಎಂದರು. ಬೇರೆ ಗಂಡಸರಾದರೆ ದೇವರ ಹೆಸರು ಹೇಳುತ್ತಿದ್ದರೇನೋ. ಇವರಿಗೆ ಬಂದದ್ದು ಕೆಮಿಸ್ಟ್ರಿ. ನಾನು ಒರೆಸಿಕೊಳ್ಳಲು ಟವೆಲ್ ಕೊಡದೆ ಒಳಗೆ ಹೋದೆ.

ಕಾಂಟ್ರಾಕ್ಟ್ ಮುಗಿದು ಹೊರಡುವ ಮುಂಚೆ ಒಂದು ಬೆಳಿಗ್ಗೆ ಅವರು ಒಬ್ಬರೇ ಅಲ್ಲಿಗೆ ಹೋಗಿ ಬಂದರು. ಮಗುವಿನ ಹಾಲಿನ ಪುಡಿಯ ಖಾಲಿ ಡಬ್ಬದ ತುಂಬ ಆ ಮಣ್ಣು. ಎಷ್ಟು ಆಳದಿಂದ ತೆಗೆದಿರಿ ಎಂದು ನಾನು ಕೇಳಲಿಲ್ಲ.

ಆ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಮುಗಿಯಿತು. ಮತ್ತೆ ಎಷ್ಟು ನೀರು ಹಾಕಿದರೂ ಮೊದಲಿನ ಗುಣ ಬರುವುದಿಲ್ಲ, ಬರೀ ಹರಳು ಹರಳಾಗಿ ಉಳಿಯುತ್ತದೆ. ಹಾಗಾಗಿ ಜಯನಗರದ ಈ ಮನೆಗೆ ಬಂದ ಮೇಲೆ ಇವರು ಆಗಾಗ ಡಬ್ಬದ ಮುಚ್ಚಳ ಮೀಟಿ, ಎರಡು ಚಮಚ ನೀರು ಚಿಮುಕಿಸಿ, ಮತ್ತೆ ಮೇಣ ಹಚ್ಚಿ ಮುಚ್ಚುತ್ತಿದ್ದರು. ನೀರು ಹಾಕುತ್ತಿದ್ದದ್ದು ಮಗುವಿಗೆ ಹಾಲು ಕುಡಿಸುತ್ತಿದ್ದ ಹಳೆಯ ಬೆಳ್ಳಿ ಒಳಲೆಯಲ್ಲಿ. ನಾನು ಅಡುಗೆ ಮನೆಯಲ್ಲಿ ಪಾತ್ರೆ ಸದ್ದು ಮಾಡಿಕೊಂಡು ಇರುತ್ತಿದ್ದೆ.

ಎರಡನೆಯ ಮಗಳು ಇಲ್ಲಿ ಹುಟ್ಟಿದಳು. ಅವಳಿಗೆ ಅಕ್ಕನ ವಿಷಯ ಹೇಳಬಾರದೆಂದು ನಾವು ತೀರ್ಮಾನಿಸಿದ್ದೇನೂ ಅಲ್ಲ. ಮೊದಲು ಇವಳು ಚಿಕ್ಕವಳು, ಆಮೇಲೆ ಪರೀಕ್ಷೆ, ಆಮೇಲೆ ಮದುವೆ, ಆಮೇಲೆ ಬಸುರಿ. ಹಾಗೇ ಉಳಿದುಹೋಯಿತು. ಈಗ ಅವಳಿಗೂ ತಲೆ ನರೆತಿದೆ. ಗಂಡನೊಂದಿಗೆ ಮೇಲಿನ ಮಹಡಿಯಲ್ಲಿದ್ದಾಳೆ, ಟೆರೇಸಿನ ತುಂಬ ಪಾಟುಗಳನ್ನಿಟ್ಟುಕೊಂಡು.

ಇವರು ಹಾಸಿಗೆ ಹಿಡಿದ ಮೇಲೆ ಡಬ್ಬಕ್ಕೆ ನಾನೇ ನೀರು ಹಾಕತೊಡಗಿದೆ. ಕಡೆಕಡೆಗೆ ಅವರಿಗೇ ನೀರು ಕುಡಿಸುವುದು ದೊಡ್ಡ ಕೆಲಸವಾಗಿ, ಸ್ಟೋರ್ ರೂಮಿನ ಕಡೆ ಹೋಗಲು ಆಗಲಿಲ್ಲ. ಮಾತು ನಿಲ್ಲುವ ಮುಂಚೆ ಅವರು ಸ್ಪಷ್ಟವಾಗಿ ಕೇಳಿಕೊಂಡದ್ದು ಒಂದೇ. "ನನ್ನ ಜೊತೆ ಅದನ್ನೂ ನೀರಿಗೆ ಬಿಡು. ಪೂರ್ತಿ."

ಬನಶಂಕರಿಯ ಚಿತಾಗಾರದಿಂದ ಅಸ್ಥಿ ತಂದರು. ಮನೆಯೊಳಗೆ ತರುವಂತಿಲ್ಲವಾದ್ದರಿಂದ ಕುಡಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಕಾಂಪೌಂಡಿನ ಸೀಬೆ ಮರಕ್ಕೆ ಕಟ್ಟಿದೆವು. ಮಾರನೆಯ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಹೊರಡುವುದು. ಅಂದು ಮಧ್ಯಾಹ್ನ ಊಟವಾದ ಮೇಲೆ ನಾನು ಸ್ಟೋರ್ ರೂಮಿಗೆ ಹೋದೆ. ಶೆಲ್ಫಿನಲ್ಲಿ ಡಬ್ಬದ ತುಕ್ಕಿನ ಉಂಗುರ ಮಾತ್ರ ಇತ್ತು.

"ಆ ತುಕ್ಕು ಟಿನ್ನಾ? ರದ್ದಿಯವನಿಗೆ ಹಾಕಿ ಯಾವ ಕಾಲ ಆಯ್ತಮ್ಮ" ಎಂದಳು ಮಗಳು.

"ಒಳಗಿದ್ದ ಮಣ್ಣು?"

"ಮಣ್ಣಾ ಅದು? ಅಪ್ಪ ಯಾವಾಗ್ಲೋ ತಂದಿಟ್ಟ ಕಾಂಪೋಸ್ಟ್ ಅಂದ್ಕೊಂಡೆ. ಎಷ್ಟು ಲೈಟಾಗಿತ್ತು, ಸಖತ್ತಾಗಿತ್ತು. ಏನೂ ಮಿಕ್ಸ್ ಮಾಡ್ದೆ ಹಾಗೇ ಒಂದು ಪಾಟಿಗೆ ಸುರಿದೆ."

"ಯಾವ ಪಾಟಿಗೆ?"

"ಅಯ್ಯೋ, ನಾಳೆ ಅಪ್ಪನ್ನ ನೀರಿಗೆ ಬಿಡೋದಿದೆ. ಇವತ್ತು ನಿಂಗೆ ಪಾಟ್ ಚಿಂತೆ! ನೆನಪಿಲ್ಲಮ್ಮ."

ಮೊಣಕಾಲು ನೋವಿನಲ್ಲೇ ಟೆರೇಸು ಹತ್ತಿದೆ. ಉತ್ತರಹಳ್ಳಿ ಕಡೆಯಿಂದ ಟೆಂಪೋದಲ್ಲಿ ತರಿಸಿದ ಕೆಂಪು ಮಣ್ಣೇ ಎಲ್ಲ ಪಾಟಿನಲ್ಲೂ ಇದ್ದದ್ದು. ಆದರೆ ಬಿಸಿಲು ತಡೆಯಲೆಂದು ಎಲ್ಲದರ ಮೇಲೂ ಗೊಬ್ಬರ, ತೆಂಗಿನ ನಾರಿನ ಪುಡಿ ಹರಡಿದ್ದಳು. ಎಲ್ಲವೂ ಒಂದೇ ಥರ ಕಪ್ಪು. ಕೆದಕಿ ನೋಡೋಣವೆಂದರೆ ಕೆಳಗೂ ಕೆಂಪು ಕಾಣದಷ್ಟು ಅದೇ ಮಿಶ್ರಣ.

ಇವರ ಟೆಸ್ಟಿಂಗ್ ಪೆಟ್ಟಿಗೆ ಇನ್ನೂ ಅಲ್ಮೇರಾದಲ್ಲಿತ್ತು. ಬೂದಿಯಿಂದಾದ ಮಣ್ಣನ್ನು ಗುರುತಿಸುವ ಒಂದು ಉಪಾಯ ಅದರಲ್ಲಿತ್ತು. ಬಿಳಿ ಕಾಗದದ ಪಟ್ಟಿಯ ಮೇಲೆ ಚಿಟಿಕೆ ಮಣ್ಣಿಟ್ಟು, ಸೀಸೆಯ ದ್ರಾವಣ ಒಂದು ಹನಿ ಬಿಟ್ಟರೆ ಕಾಗದ ಕೆಂಪಾಗುತ್ತದೆ. ಬೇರೆ ಸಾಮಾನ್ಯ ಮಣ್ಣಿಗೆ ಆಗುವುದಿಲ್ಲ. ಅಲ್ಲಿನ ಕ್ವಾರ್ಟರ್ಸಿನ ವರಾಂಡದಲ್ಲಿ ಎಷ್ಟು ಸಲ ನೋಡಿದ್ದೆನೋ.

ಮಗಳು ಹಿಂದೆಯೇ ಬಂದಳು. "ಸೂತಕದಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್ಸಾ? ಪಕ್ಕದ ಮನೆಯವರು ನೋಡಿದ್ರೆ ನಿಂಗೂ ತಲೆ ಹೋಯ್ತು ಅಂತಾರೆ."

ಮೊದಲನೆಯ ಪಾಟಿಗೇ ಕಾಗದ ಕೆಂಪಾಯಿತು. ಸಿಕ್ಕಿತು ಎಂದುಕೊಂಡೆ. ಪಕ್ಕದ್ದನ್ನೂ ನೋಡಿದೆ, ಅದೂ ಕೆಂಪು. ಅದರಾಚೆಯದೂ. ಕರಿಬೇವು, ದಾಸವಾಳ, ಪುದೀನ, ಎಲ್ಲವೂ.

"ಇದಕ್ಕೆಲ್ಲ ಏನು ಹಾಕಿದ್ದೀಯೇ?"

"ಮೊಟ್ಟೆ ಸಿಪ್ಪೆ ಪುಡಿ. ಕ್ಯಾಲ್ಸಿಯಂ. ಏನೀಗ, ಮಡಿ ನೆನಪಾಯ್ತಾ?"

ಸುಣ್ಣದಂಥದ್ದು ಏನಿದ್ದರೂ ಈ ಪರೀಕ್ಷೆ ಕೆಡುತ್ತದೆಂದು ಇವರು ಹೇಳುತ್ತಿದ್ದರು. ಕಾಗದದ ಪಟ್ಟಿಗಳನ್ನು ಜೋಬಿಲ್ಲದ ನೈಟಿಯ ಮಡಿಲಲ್ಲಿಟ್ಟುಕೊಂಡು ಅಲ್ಲೇ ನೀರಿನ ಟ್ಯಾಂಕಿನ ಕಟ್ಟೆಗೆ ಕೂತೆ. ಕೆಳಗೆ ಸೀಬೆ ಮರದಲ್ಲಿ ಬಿಳಿ ಬಟ್ಟೆಯ ಗಂಟು ಕಾಣುತ್ತಿತ್ತು. ಪೂರ್ತಿ ಎಂದಿದ್ದರು.

ಆಗ ಮೂಲೆಯ ಒಂದು ಸಣ್ಣ ಪಾಟ್ ಕಣ್ಣಿಗೆ ಬಿತ್ತು. ಟೊಮೇಟೊ ಗಿಡ. ಗೇಣೆತ್ತರಕ್ಕೆ ನಿಂತುಹೋಗಿತ್ತು. ಎಲೆಯ ಹಿಂಬದಿಯೆಲ್ಲ ನೇರಳೆ, ಪೆಟ್ಟು ಬಿದ್ದು ಕಂದಿದ ಚರ್ಮದ ಹಾಗೆ.

"ಅದನ್ನ ಬಿಡಮ್ಮ, ಅದು ಸಾಯೋ ಗಿಡ. ಫಾಸ್ಫರಸ್ ಕಮ್ಮಿ ಅಂದ ನರ್ಸರಿಯವನು. ಬೋನ್ ಮೀಲ್ ಹಾಕ್ದೆ. ಮತ್ತೂ ಹಾಕ್ದೆ. ಎಲ್ಲ ತಿಂದ್ಕೊಂಡು ಸುಮ್ನೆ ಕೂತಿದೆ. ಇನ್ನೆಷ್ಟು ಮೂಳೆ ಪುಡಿ ಹಾಕ್ಲಿ ಅದಕ್ಕೆ?"

ಅವಳಿಗೆ ಗೊತ್ತಿರಲಿಲ್ಲ, ಪಾಪ. ಬೇರು ಎಳೆದರೂ ಕೊಡದ ಮಣ್ಣು ಯಾವುದೆಂದು ನನಗೆ ಗೊತ್ತಿತ್ತು. ಕೂತಲ್ಲಿಂದಲೇ ಪಾಟನ್ನು ಎಳೆದುಕೊಂಡು, ಬುಡದ ಮಣ್ಣು ತೆಗೆದು ಹೆಬ್ಬೆರಳಿನಿಂದ ಒತ್ತಿದೆ. ಒಣಗಿದಂತಿದ್ದದ್ದು ಒದ್ದೆಯಾಗಿ ಜಾರಿತು. ಕೆಟ್ಟಿರಲಿಲ್ಲ. ಮಗಳು ದಿನವೂ ಹಾಕಿದ ನೀರು ಅದನ್ನು ಉಳಿಸಿತ್ತು.

"ಅಮ್ಮ, ಯಾಕೆ ಅಳ್ತಿದ್ದೀಯ? ಏನಿದು?"

ಹೇಳಿದೆ. ಕಾಡು, ಜ್ವರ, ಸಲಿಕೆ, ಡಬ್ಬ, ಅಪ್ಪನ ಕಡೆಯ ಮಾತು. ಹೇಳಲು ಬಹಳ ಹೊತ್ತೇನೂ ಹಿಡಿಯಲಿಲ್ಲ. ಇಷ್ಟು ಸಣ್ಣ ಕಥೆಯನ್ನು ಇಷ್ಟು ವರ್ಷ ಹೊತ್ತಿದ್ದೆವಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಅವಳು ಕೇಳಿದ್ದು ಒಂದೇ. "ಹೆಸರೇನಿತ್ತು?"

"ನಿಂದೇ" ಎಂದೆ. ಮೊದಲ ಹೆಣ್ಣು ಮಗುವಿಗೆ ಅಜ್ಜಿಯ ಹೆಸರು ಇಡುವುದು ಅವರ ಮನೆಯ ಪದ್ಧತಿ. ಅಜ್ಜಿಯ ಹೆಸರು ಅಳಿಸಿಹೋಗಬಾರದೆಂದು ಅದನ್ನೇ ಇವಳಿಗೂ ಇಟ್ಟಿದ್ದೆವು.

ಅವಳು ಆ ಮಣ್ಣನ್ನು ಪಾಟಿಗೆ ಸುರಿದ ತನ್ನ ಕೈಗಳನ್ನು ನೋಡಿಕೊಂಡಳು. ಪ್ಯಾರಪೆಟ್ಟಿನ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತಳು. ನಮಗೆ ಎಂದರೆ ನನಗೆ ಮತ್ತು ಆ ಪಾಟಿಗೆ. ತಿರುಗಿ ಬಂದವಳೇ ಕೈಸಲಿಕೆಯಿಂದ ಮಣ್ಣನ್ನು ಸರಿಯಾಗಿ ನಡುವೆ ಸೀಳಿದಳು. ಗಿಡದ ಬೇರು ಹರಿದ ಸದ್ದು ಕೇಳಿಸಿತು. ಒಂದು ಪಾಲನ್ನು ಸ್ಟೀಲ್ ಡಬ್ಬಕ್ಕೆ ಹಾಕಿ ನನ್ನ ಮುಂದಿಟ್ಟಳು.

"ಅಪ್ಪ ಪೂರ್ತಿ ಅಂದಿದ್ರು ಕಣೇ."

"ಅಪ್ಪ ನಂಗೇನೂ ಅಂದಿರಲಿಲ್ಲ."

ನಾನು ಸ್ಟೀಲ್ ಡಬ್ಬದ ಮುಚ್ಚಳ ಹಾಕಿದೆ.

ಮಾರನೆಯ ದಿನ ಅಳಿಯ ಕಾವೇರಿಯಲ್ಲಿ ಅಸ್ಥಿ ಬಿಟ್ಟ. ಬೂದಿ ಸರಾಗವಾಗಿ ಹರಡಿಕೊಂಡು ಹೋಯಿತು. ಪುರೋಹಿತರು, "ಇದೇನಮ್ಮಾ, ಗೊಬ್ಬರಾನಾ?" ಎಂದು ಮೂಗು ಮುರಿದರೂ ತಡೆಯಲಿಲ್ಲ. ನಾನು ಡಬ್ಬ ಬಗ್ಗಿಸಿದೆ. ಮಣ್ಣು ಒಂದೇ ಹೆಂಟೆಯಾಗಿ, ಬೇರುಗಳ ಸಮೇತ, ನನ್ನ ಕಾಲ ಬುಡದಲ್ಲೇ ಮುಳುಗಿತು. ಬೂದಿ ಆಗಲೇ ದೂರ ಹೋಗಿಬಿಟ್ಟಿತ್ತು. ಅಪ್ಪ ಮಗಳು ಜೊತೆಯಾಗಲಿಲ್ಲ.

ಟೊಮೇಟೊ ಗಿಡ ಆ ವಾರವೇ ಸತ್ತಿತು. ಪಾಟು ಟೆರೇಸಿನ ಮೂಲೆಯಲ್ಲೇ ಇದೆ. ಮಗಳು ನನ್ನ ಹತ್ತಿರ ಆ ವಿಷಯ ಎತ್ತುವುದಿಲ್ಲ. ಕಾಫಿ ಕೊಡುತ್ತಾಳೆ, ಮಾತ್ರೆ ಕೊಡುತ್ತಾಳೆ, ಪರ್ಫೆಕ್ಟ್ಲಿ ಪೊಲೈಟ್. ಮೊನ್ನೆ ಸಂಜೆ ಬಟ್ಟೆ ತರಲು ಮೇಲೆ ಹತ್ತಿದಾಗ ಪಕ್ಕದ ಮನೆಯಾಕೆ ತನ್ನ ಟೆರೇಸಿನಿಂದ ಕೂಗುತ್ತಿದ್ದಳು.

"ಏನ್ ಆಂಟಿ, ಗಿಡಾನೇ ಇಲ್ಲ, ಖಾಲಿ ಪಾಟಿಗೆ ನೀರು ಹಾಕ್ತೀರಲ್ಲ!"

"ಒಣಗಿದ್ರೆ ಆಗಲ್ಲಮ್ಮ ಇದು" ಎಂದಳು ನನ್ನ ಮಗಳು. ಕುಕ್ಕರುಗಾಲಿನಲ್ಲಿ ಕೂತು, ಚಿಟಿಕೆ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು, ಥೇಟ್ ಅವರಪ್ಪನ ಹಾಗೆ. ನಾನು ಬಟ್ಟೆ ಬಿಟ್ಟು, ಸದ್ದಾಗದಂತೆ ಮೆಟ್ಟಿಲಿಳಿದು ಬಂದೆ.